ಕೂರುತ್ತದೋ ಇಲ್ಲವೋ

ಆ ಮನೆಯಲ್ಲಿ ತೇಜಶ್ರೀಗೆ ಹೇಸಿಗೆ ಹುಟ್ಟಿಸದ ವಸ್ತು ಎಂದರೆ ಲ್ಯಾಪ್‌ಟಾಪಿಗೆ ಹಾಕಲು ತರಿಸಿದ್ದ, ಮಾಹಿತಿ ತುಂಬಿಡುವ ಆ ಪುಟ್ಟ ಎಸ್‌ಎಸ್‌ಡಿ ಒಂದೇ. ಎರಡು ಬೆರಳಗಲ, ಒಂದು ಬೆರಳುದ್ದದ ಪಟ್ಟಿ. ಪೊಟ್ಟಣ ಒಡೆದಾಗ ಅದಕ್ಕೆ ಯಾವ ವಾಸನೆಯೂ ಇರಲಿಲ್ಲ. ಯಾರೂ ಅದನ್ನು ಎಂಜಲು ಕೈಯಲ್ಲಿ ಮುಟ್ಟಿರಲಿಲ್ಲ, ಅದರ ಮೇಲೆ ಕೆಮ್ಮಿರಲಿಲ್ಲ, ಅದನ್ನು ಎದೆಗೊತ್ತಿಕೊಂಡು ಅತ್ತಿರಲಿಲ್ಲ.

ಮಿಕ್ಕಿದ್ದೆಲ್ಲ ಅವಳಿಗೆ ಹೇಸಿಗೆಯೇ. ಅತ್ತೆ ವೆಂಕಟಮ್ಮ ಉಂಡ ತಟ್ಟೆಯಲ್ಲೇ ಕೈ ತೊಳೆದು ಆ ನೀರನ್ನು ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದರು. ಮಾವ ಸಂಜೀವಪ್ಪ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ನೀರಿನ ಲೋಟಕ್ಕೆ ಹಾಕಿ ಟಿ.ವಿ. ಪಕ್ಕದಲ್ಲೇ ಇಡುತ್ತಿದ್ದರು. ಭಾನುವಾರ ಬಂತೆಂದರೆ ಕಗ್ಗದಾಸಪುರದ ಗಲ್ಲಿಗಳೆಲ್ಲ ಸುಟ್ಟ ಕುರಿಕಾಲಿನ ವಾಸನೆ ಹೊಡೆಯುತ್ತಿದ್ದವು. ನೋಡಲು ಬಂದ ನೆಂಟರು ಬೆವರಿದ ಅಂಗೈಯಲ್ಲಿ ಅವಳ ಕೈ ಹಿಡಿದು, "ಇನ್ನೂ ವಯಸ್ಸಿದೆ ಬಿಡಮ್ಮ" ಎನ್ನುತ್ತಿದ್ದರು. ಅವರು ಮೆಟ್ಟಿಲಿಳಿದ ಮೇಲೆ ಅವಳು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದಳು.

ಗಂಡ ಸುಗತ ಡೆಂಗಿ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ದುಃಖ ಬರುತ್ತದೆ ಎಂದು ಅವಳು ಕಾದಳು. ಬರಲಿಲ್ಲ. ಅದು ಬರಬೇಕಾಗಿದ್ದ ಜಾಗಕ್ಕೆ ಈ ಹೇಸಿಗೆ ಬಂದು ಕಾಲು ಚಾಚಿ ಕೂತುಬಿಟ್ಟಿತು. ಮೊದಲು ಮಾಂಸ ಸೇರದಾಯಿತು, ಆಮೇಲೆ ಮೊಟ್ಟೆ, ಆಮೇಲೆ ಒಗ್ಗರಣೆಯ ವಾಸನೆ. ಪುಸ್ತಕ ಹಿಡಿದರೆ ಹಾಳೆಯ ಮೇಲೆ ಇನ್ಯಾರದೋ ಬೆರಳಿನ ಜಿಡ್ಡು ಕಾಣುತ್ತಿತ್ತು.

ಈಗ ಅವಳಿಗೆ ಬೇಕಾಗಿದ್ದದ್ದು ಒಂದೇ, ಆ ಮನೆಯಿಂದ ಹೊರಬೀಳುವುದು. ದಾರಿಯೂ ಕಂಡಿತ್ತು. ಇಂದಿರಾನಗರದ ಒಂದು ಸಣ್ಣ ಕಂಪನಿ ಬೇರೆ ಭಾಷೆಯ ಧಾರಾವಾಹಿಗಳಿಗೆ ಕನ್ನಡ ಸಬ್‌ಟೈಟಲ್ ಬರೆಸುತ್ತಿತ್ತು. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದ್ದ ತೇಜಶ್ರೀಯನ್ನು ಫೋನಿನಲ್ಲೇ ಮಾತಾಡಿಸಿ ಒಪ್ಪಿಕೊಂಡಿದ್ದರು. ಕೆಲಸ ಕೂತಲ್ಲಿಂದಲೇ, ಆದರೆ ಕಂಪ್ಯೂಟರ್ ಅವಳದೇ ಆಗಿರಬೇಕು, ಅದರಲ್ಲಿ ಎಸ್‌ಎಸ್‌ಡಿ ಇರಬೇಕು. ಅವರು ಕಳಿಸಿದ ಒಂದು ಪರೀಕ್ಷೆಯ ಪ್ರೋಗ್ರಾಮನ್ನು ಓಡಿಸಿ, ಪಾಸಾದ ಫಲಿತಾಂಶವನ್ನು ಶನಿವಾರ ಸಂಜೆಯೊಳಗೆ ಕಳಿಸಬೇಕು. ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಹಲಸೂರಿನಲ್ಲಿ ಪಿಳ್ಳಮ್ಮ ಎಂಬ ಮುದುಕಿ ಮಹಡಿ ಮೇಲಿನ ಕೋಣೆಯೊಂದನ್ನು, "ಶನಿವಾರದ ತಂಕ ಯಾರ್ಗೂ ಕೊಡಲ್ಲ ಹೋಗು" ಎಂದು ಅವಳಿಗಾಗಿ ಹಿಡಿದಿಟ್ಟಿದ್ದಳು. ಡ್ರೈವು ಕೂತರೆ ಕೆಲಸ, ಕೆಲಸ ಸಿಕ್ಕರೆ ಕೋಣೆ.

ಮನೆಯಲ್ಲಿದ್ದದ್ದು ಸುಗತನ ಹಳೆಯ ಲ್ಯಾಪ್‌ಟಾಪ್. ಹತ್ತು ವರ್ಷದ ಹಿಂದಿನದು. ಅವನು ಸತ್ತ ಮೇಲೆ ಅದು ವೆಂಕಟಮ್ಮನ ಬೀರುವಿನಲ್ಲಿ, ಹಳೆ ಸೀರೆಯೊಂದರ ಒಳಗೆ ಮಲಗಿತ್ತು. ಹೋದ ವಾರ ತೇಜಶ್ರೀ ತೆಗೆಸಿ ಚಾಲೂ ಮಾಡಿದಾಗ, ಅಕ್ಕಿ ತೊಳೆದಿಟ್ಟು ಅನ್ನವಾಗುವಷ್ಟು ಹೊತ್ತು ತೆಗೆದುಕೊಂಡು ಎದ್ದಿತು. ಕೆಲವು ಕೀಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ. ಏನೋ ಮುಗ್ಗಲು ವಾಸನೆ ಬಂತು. ಆದರೆ ಆ ಮನೆಯಲ್ಲಿ ಯಾವುದಕ್ಕೆ ವಾಸನೆಯಿರಲಿಲ್ಲ? ಅವಳು ಮೂಗು ಮುಚ್ಚಿಕೊಂಡು ಕೆಲಸ ನೋಡಿದಳು.

ನೋಡಿದ್ದು ಸರಿಯಾಗಿಯೇ. ಅಂಗಡಿಯವನು ಕೊಟ್ಟದ್ದನ್ನು ಕಣ್ಣುಮುಚ್ಚಿ ತರುವವಳಲ್ಲ ಅವಳು. ಲ್ಯಾಪ್‌ಟಾಪಿನ ಬೆನ್ನಿನ ಮೇಲಿದ್ದ ಮಾದರಿಯ ಸಂಖ್ಯೆ ಹಿಡಿದು ಕಂಪನಿಯ ಕೈಪಿಡಿ ಹುಡುಕಿದಳು. ಒಳಗೆ ಸುಗತನ ಹಾರ್ಡ್ ಡಿಸ್ಕ್ ಕೂತ ಗೂಡಲ್ಲದೆ, ಖಾಲಿ ಬಿದ್ದಿರುವ ಇನ್ನೊಂದು ಉದ್ದನೆಯ ಸ್ಲಾಟೂ ಇದೆ ಎಂದು ತಿಳಿಯಿತು. ಆ ಸ್ಲಾಟಿಗೆ ಹೋಗುವ ಪಟ್ಟಿಗಳಲ್ಲಿ ಎರಡು ಜಾತಿ. ನೋಡಲು ಒಂದೇ ಥರ, ಆದರೆ ಒಂದು ಹೊಸ ಯಂತ್ರಗಳ ಭಾಷೆ ಆಡುತ್ತದೆ, ಇನ್ನೊಂದು ಹಳೆಯ ಯಂತ್ರಗಳದು. ಅಂಚಿನಲ್ಲಿ ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಹೊಸದು, ಎರಡು ಕಚ್ಚು ಇದ್ದರೆ ಹಳೆಯದು. ಈ ಲ್ಯಾಪ್‌ಟಾಪಿಗೆ ಬೇಕಾದ್ದು ಎರಡು ಕಚ್ಚಿನದು. ಅದನ್ನೇ ತರಿಸಿದಳು. ಉದ್ದ ಅಳೆದಳು, ಸ್ಕ್ರೂ ಕೂರುವ ಅರ್ಧಚಂದ್ರವನ್ನು ಚಿತ್ರದೊಂದಿಗೆ ಹೋಲಿಸಿದಳು. ಸುಗತನ ಡಿಸ್ಕನ್ನು ಹೊರಗೆ ತೆಗೆಯುವ ಪ್ರಸಂಗ ಬಾರದಿರಲಿ ಎಂದೇ ಅವಳು ಆ ಖಾಲಿ ಸ್ಲಾಟನ್ನು ನಂಬಿಕೊಂಡದ್ದು. ತೆಗೆದರೆ ಅದನ್ನು ಏನು ಮಾಡಬೇಕೆಂದು ಯೋಚಿಸಬೇಕಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುವಾಗ ವೆಂಕಟಮ್ಮ ಅಡುಗೆಮನೆಯಿಂದ ಕೈಯೊರೆಸಿಕೊಳ್ಳುತ್ತ ಬಂದರು.

"ಅದನ್ನ ಬಿಚ್ಚುಸ್ತೀಯಾ ಏನು?"

"ಹೌದು ಅತ್ತೆ. ಹಿಂದಿನ ಮುಚ್ಚಳ ತೆಗೀಲೇಬೇಕು."

"ಮ್ಯಾಲಿಂದ ಮ್ಯಾಲೇ ಹಾಕಕ್ಕಾಗಲ್ವಾ? ಈ ಫೋನ್‌ಗೆ ಸಿಮ್ ಹಾಕ್ದಂಗೆ?"

"ಆಗಲ್ಲ."

"ಬಿಚ್ಚುದ್ರೆ ಕೆಡ್ತದೆ ಕಣವ್ವ. ಬಿಚ್ಚಿದ್ ಸಾಮಾನು ಯಾವತ್ತಾನ ಉದ್ಧಾರ ಆಗಿದ್ದದ? ಹೊಸದೇ ತಗೋ. ನನ್ನ ಓಲೆ ಬೇಕಾದ್ರೆ ಕೊಡ್ತೀನಿ, ಅಡ ಇಟ್ಟು ತಗೋ."

ತೇಜಶ್ರೀ ಅತ್ತೆಯ ಮುಖ ನೋಡಿದಳು. ಓಲೆ ಬಿಚ್ಚಿಕೊಡುವಷ್ಟು ಪ್ರೀತಿ ಅವರಿಗೆ ತನ್ನ ಮೇಲೆ ಯಾವಾಗ ಬಂತೋ ತಿಳಿಯಲಿಲ್ಲ. ಮಗನ ವಸ್ತು, ಅದಕ್ಕೇ ಸಂಕಟ ಎಂದುಕೊಂಡಳು.

ಹಾಲಿನಲ್ಲಿ ಪೇಪರು ಓದುತ್ತಿದ್ದ ಸಂಜೀವಪ್ಪ ತಲೆ ಎತ್ತಲಿಲ್ಲ. "ಹೋಗ್ಲಿ ಬಿಡೇ. ಓದಿರೋ ಹುಡ್ಗಿ. ಅವಳಿಗೆ ಗೊತ್ತಾಗುತ್ತೆ" ಎಂದರು. ಅವರ ತಲೆಯ ಮೇಲೆ ಗೋಡೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ, ನಡುವೆ ಸುಗತನದು. ಮೂರಕ್ಕೂ ಕುಂಕುಮವಿಲ್ಲ, ಹಾರವಿಲ್ಲ. ಸಂಜೀವಪ್ಪ ಹರೆಯದಲ್ಲೇ ಬೌದ್ಧ ದೀಕ್ಷೆ ತೆಗೆದುಕೊಂಡವರು. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂದು ಎಲ್ಲರೆದುರು ಪ್ರತಿಜ್ಞೆ ಮಾಡಿ, ಮಗನಿಗೆ ಬುದ್ಧನ ಹೆಸರಿಟ್ಟವರು. ಮಗ ಸತ್ತಾಗಲೂ ಜಗ್ಗಲಿಲ್ಲ. ತಿಥಿಯಿಲ್ಲ, ಎಡೆಯಿಲ್ಲ. ವಿಹಾರದಿಂದ ಭಂತೇಜಿ ಬಂದು ಸೂತ್ರ ಹೇಳಿ ಹೋದರು. ಅಷ್ಟೇ.

ತೇಜಶ್ರೀಗೆ ಅದು ಹಿಡಿಸಿತ್ತು. ಗದ್ದಲವಿಲ್ಲ, ಹೊಗೆಯಿಲ್ಲ, ಅನ್ನದುಂಡೆಗಳಿಲ್ಲ.

ಬಸ್ಸು ಅವಳನ್ನು ಶಿವಾಜಿನಗರಕ್ಕೆ ತಂದು ಇಳಿಸಿತು. ರಸೆಲ್ ಮಾರುಕಟ್ಟೆಯ ಬದಿಯಿಂದ ಹೋಗುವಾಗ ಮೀನಿನ ನೀರು ಚಪ್ಪಲಿಗೆ ತಾಗದಂತೆ ಸೀರೆ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ನಡೆದಳು. ಕೊಕ್ಕೆಗೆ ತೂಗುಹಾಕಿದ ಕುರಿಗಳ ಪಕ್ಕೆಯ ಮೇಲೆ ನೊಣ ಕೂತಿದ್ದವು. ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಾರಿಯಾಳ ಅಂಗಡಿ. ಅಂಗಡಿ ಎಂದರೆ ಎರಡು ಕಪಾಟಿನ ನಡುವಿನ ಸಂದು. ಒಂದು ಕಡೆ ಮೊಬೈಲ್ ಕವರು ಮಾರುವವನು, ಇನ್ನೊಂದು ಕಡೆ ವಾಚ್ ರಿಪೇರಿ. ಐವತ್ತು ದಾಟಿದ ಮಾರಿಯಾ ಹಣೆಯ ಮೇಲೆ ದೀಪ ಕಟ್ಟಿಕೊಂಡು, ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಕೂತಿದ್ದಳು. ಕಂಟೋನ್ಮೆಂಟಿನ ನಾಲ್ಕೂ ಭಾಷೆ ಅವಳ ಬಾಯಲ್ಲಿ ಒಟ್ಟಿಗೇ ಬರುತ್ತಿದ್ದವು.

"ಬನ್ನಿ ಮಾ. ಏನ್ ಪ್ರಾಬ್ಲಮ್?"

"ಇದಕ್ಕೆ ಈ ಡ್ರೈವ್ ಕೂರುತ್ತಾ ನೋಡ್ಬೇಕು. ಕೂರಿಸಿ, ವಿಂಡೋಸ್ ಹಾಕಿ ಕೊಡ್ಬೇಕು. ಸಂಜೆ ಒಳಗೆ."

ಮಾರಿಯಾ ಪಟ್ಟಿಯನ್ನು ದೀಪದ ಬೆಳಕಿಗೆ ಹಿಡಿದಳು. ಕಚ್ಚು ಎಣಿಸಿದಳು. ಲ್ಯಾಪ್‌ಟಾಪಿನ ಬೆನ್ನು ನೋಡಿದಳು.

"ಅರೆ, ಕರೆಕ್ಟಾಗಿ ತಂದಿದೀರಲ್ಲ. ಎಲ್ರೂ ಒಂದ್ ಕಚ್ಚಿಂದು ತಗೊಂಡು ಬಂದು, ಆಂಟಿ ಹಾಕಿಕೊಡಿ, ಆಂಟಿ ಒತ್ತಿಕೊಡಿ ಅಂತಾರೆ. ನಾನೇನ್ ಇಡ್ಲಿ ಒತ್ತೋಳಾ? ನೀವ್ ಟೀಚರಾ?"

"ಅಲ್ಲ."

"ಮತ್ತೆ ಫ್ರೀಯಾಗಿದೀರಾ ಅನ್ಸುತ್ತೆ. ಇಷ್ಟ್ ಓದಕ್ಕೆ ಟೈಮ್ ಬೇಕು." ನಗುತ್ತ ಸ್ಕ್ರೂಗಳನ್ನು ಒಂದೊಂದಾಗಿ ಕಳಚಿ ಅಯಸ್ಕಾಂತದ ತಟ್ಟೆಗೆ ಹಾಕಿದಳು. ತೆಳ್ಳಗಿನ ಪ್ಲಾಸ್ಟಿಕ್ ಚಕ್ಕೆಯಿಂದ ಅಂಚನ್ನು ಬಿಡಿಸಿದಳು. ಮುಚ್ಚಳ ಬರಲಿಲ್ಲ. "ಏನೋ ಗಮ್ ಹಾಕ್ದಂಗಿದೆ" ಎಂದು ಬಲವಾಗಿ ಎಳೆದಳು.

ಪಟ್ ಎಂದು ಬಂತು. ಅದರ ಹಿಂದೆಯೇ ವಾಸನೆ ಬಂತು. ಕೊಳೆತ ಕೊಬ್ಬಿನದು, ಹುಳಿತ ಅನ್ನದ್ದು. ಎರಡು ಜಿರಲೆ ಮಾರಿಯಾಳ ಮಣಿಕಟ್ಟಿನ ಮೇಲೆ ಹಾದು ಓಡಿದವು.

"ಅಯ್ಯೋ ಮಾದಾವೇ!" ಮಾರಿಯಾ ಸ್ಟೂಲಿನ ಸಮೇತ ಹಿಂದಕ್ಕೆ ಜರುಗಿದಳು. "ಚೀ ಚೀ ಚೀ! ಏನ್ ಮಾ ಇದು? ಲ್ಯಾಪ್‌ಟಾಪಾ, ಊಟದ ಡಬ್ಬಾನಾ?"

ಕವರು ಮಾರುವವನು ಕತ್ತು ಚಾಚಿದ. "ಕ್ಯಾ ಆಂಟಿ, ಕಬಾಬ್ ಶುರು ಮಾಡಿದ್ರಾ?"

"ನೀ ಸುಮ್ನಿರೋ. ಬಂದ್ ನೋಡು, ಎರಡ್ ದಿನ ಊಟ ಸೇರಲ್ಲ ನಿಂಗೆ."

ಅವನು ಬಂದು ನೋಡಿದ. ಅವನ ಗಿರಾಕಿಯೂ ಬಂದು ನೋಡಿದ. ವಾಚಿನವನು ಭೂತಗನ್ನಡಿ ಹಾಕಿಕೊಂಡೇ ಎದ್ದು ಬಂದ. ತೇಜಶ್ರೀ ನೋಡಲೇಬೇಕಾಯಿತು.

ಬೋರ್ಡಿನ ಮೇಲೆ ಅರಿಸಿನದ ಎಣ್ಣೆ ಹರಿದು ಗಟ್ಟಿಯಾಗಿತ್ತು. ಅದರಲ್ಲಿ ಕೂದಲು, ಧೂಳು, ಜಿರಲೆಯ ಮೊಟ್ಟೆಚೀಲ. ಗಾಳಿ ಬೀಸುವ ಪುಟ್ಟ ಫ್ಯಾನಿನ ರೆಕ್ಕೆಗೆ ಅನ್ನದ ಅಗುಳು ಅಂಟಿ ಒಣಗಿದ್ದವು. ಆ ಖಾಲಿ ಸ್ಲಾಟು, ಅವಳು ವಾರವಿಡೀ ಚಿತ್ರದಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದ ಸ್ಲಾಟು, ಕಂದು ಬಣ್ಣದ ಯಾವುದರಿಂದಲೋ ತುಂಬಿತ್ತು. ಮಾರಿಯಾ ಚಿಮಟದಿಂದ ಅದನ್ನು ಕಿತ್ತು ಎತ್ತಿ ಹಿಡಿದಳು. ಜೇನುಗೂಡಿನಂಥ ಚರ್ಮದ ಚೂರು.

"ಬೋಟಿ, ಕುರಿ ಹೊಟ್ಟೆ" ಎಂದ ಕವರಿನವನು, ಒಳ್ಳೆ ತಜ್ಞನಂತೆ. "ಸಬ್ಬಸಿಗೆ ಸೊಪ್ಪು ಭೀ ಡಾಲ್ಯಾ ಹೈ."

"ನೀವ್ ಮನೇಲಿ ತಟ್ಟೆ ಇಟ್ಕೊಂಡಿಲ್ವಾ ಮಾ? ಡೈರೆಕ್ಟಾಗಿ ಕೀಬೋರ್ಡ್ ಮೇಲೇನಾ?"

"ನಾನು ಮಾಂಸ ತಿನ್ನಲ್ಲ" ಎಂದಳು ತೇಜಶ್ರೀ. ಎಲ್ಲರೂ ನಕ್ಕರು.

ಬೋಟಿಗೆ ಸಬ್ಬಸಿಗೆ ಹಾಕುವವರು ಅವಳಿಗೆ ಗೊತ್ತಿದ್ದ ಹಾಗೆ ಒಬ್ಬರೇ. ಆ ಅಗುಳುಗಳ ನಡುವೆ ಕೆಂಪಗೆ ಏನೋ ಕಂಡಿತು. ಬಗ್ಗಿದಳು. ಕುಂಕುಮ. ಒಂದು ಹೂವಿನ ಎಸಳು. ಅಡಕೆಯ ಚೂರು.

ಯಾರೋ ಉಣ್ಣುತ್ತ ಚೆಲ್ಲಿದ್ದಲ್ಲ ಇದು. ಬಡಿಸಿದ್ದು.

"ಐದು ನಿಮಿಷ, ಬಂದೆ" ಎಂದು ಹೇಳಿ ಅವಳು ಓಣಿಯಿಂದಾಚೆ, ಹೂವಿನವರು ಕೂರುವ ಗೋಡೆಯ ಬದಿಗೆ ಹೋಗಿ ಮನೆಗೆ ಫೋನು ಮಾಡಿದಳು.

"ಅತ್ತೆ, ಲ್ಯಾಪ್‌ಟಾಪ್ ಒಳಗೆ ಬೋಟಿ ಇದೆ."

ಆ ಕಡೆ ಮಿಕ್ಸಿ ನಿಂತಿತು.

"ಯಾರ್ ಯಾರ್ ನೋಡುದ್ರು?"

"ಅಂಗಡಿಯವರು, ಪಕ್ಕದ ಅಂಗಡಿಯವರು, ದಾರೀಲಿ ಹೋಗೋರು."

"ಅಯ್ಯೋ ಮಾನ ಹೋಯ್ತಲ್ಲವ್ವ. ಮೆತ್ತುಗ್ ಮಾತಾಡು, ನಿಮ್ಮಾವ ಇಲ್ಲೇ ಅವ್ರೆ." ಬಾಗಿಲು ಮುಚ್ಚಿದ ಸದ್ದು. ಪಿಸುದನಿ. "ಎಲೆ ಹಾಸಿದ್ದೆ ಕಣವ್ವ. ಬರೀ ಬಟನ್ ಮ್ಯಾಲೆ ಇಕ್ಕಿಲ್ಲ. ಎಲೆ ಸೀಳ್ಬಿಡ್ತು."

"ಎಡೆ ಇಟ್ರಾ? ಲ್ಯಾಪ್‌ಟಾಪ್ ಮೇಲೆ?"

"ಇನ್ನೆಲ್ ಇಕ್ಕಲಿ? ಮಾಲಯ ಅಮಾಸೆ ದಿವ್ಸ ಊರೋರ್ ಮಕ್ಳೆಲ್ಲ ಉಣ್ತಾವೆ, ನನ್ ಮಗ ಮಾತ್ರ ಹಸ್ಕಂಡ್ ನಿಂತಿರ್ಬೇಕಾ? ಪಟಕ್ಕೆ ಇಕ್ಕಣ ಅಂದ್ರೆ ನಿಮ್ಮಾವನ ತಲೆ ಮ್ಯಾಲೇ ಅದೆ ಪಟ. ಅದುಕ್ಕೆ ರೂಮ್ ಚಿಲ್ಕ ಹಾಕ್ಕಂಡು ಅದನ್ನ ತಗುದು ಇಕ್ಕದೆ. ಅವ್ನು ಯಾವತ್ತಾನ ನೆಟ್ಟಗ್ ಕೂತು ಉಂಡಿದ್ನಾ? ಅದರ ಮುಂದೇನೇ ಅಲ್ವಾ? ಉಣ್ಣು ಬಾರೋ ಅಂದ್ರೆ ಇಲ್ಲೇ ತಂದಿಡಮ್ಮ ಅನ್ನೋನು. ಅಲ್ಲೇ ತಂದಿಟ್ಟೆ."

ತೇಜಶ್ರೀ ಗೋಡೆಗೆ ಒರಗಿದಳು. ಸುಗತ ಎಡಗೈಯಲ್ಲಿ ತಟ್ಟೆ ಹಿಡಿದು, ಬಲಗೈಯ ಸ್ವಚ್ಛವಿದ್ದ ಒಂದು ಬೆರಳಲ್ಲಿ ಕೀ ಒತ್ತುತ್ತಿದ್ದದ್ದು ಕಣ್ಣಿಗೆ ಬಂತು. ಆಗಲೂ ಅವಳಿಗೆ ಅದು ಅಸಹ್ಯವಾಗಿತ್ತು. ಎರಡು ಸಲ ಹೇಳಿ, ಆಮೇಲೆ ಹೇಳುವುದನ್ನೇ ಬಿಟ್ಟಿದ್ದಳು.

"ಹೋದ ವರ್ಷಾನೋ, ಅದರ ಹಿಂದಿನದೋ?"

"ಎರಡ್ ಮಾಲಯಕ್ಕೂ. ಒಂದ್ ಮುಚ್ಚಳ ಬ್ರಾಂದಿನೂ ಬಿಟ್ಟಿದ್ದೆ. ಆಮ್ಯಾಕೆ ಒದ್ದೆ ಬಟ್ಟೇಲಿ ಚೆಂದಾಗ್ ಒರಸ್ದೆ, ನಿನ್ನಾಣೆ."

"ಎಡೆ ತೆಗೆದು ಏನ್ ಮಾಡಿದ್ರಿ?"

"ಏನ್ ಮಾಡ್ತರೆ? ಮನೇರು ತಿನ್ಬೇಕು. ಮನೇರು ತಿಂದ್ರೇನೇ ಅವ್ನಿಗ್ ಸೇರದು. ನಿಂಗೂ ಕೊಟ್ಟಿದ್ನಲ್ಲ ಕಜ್ಜಾಯ. ಚೆನ್ನಾಗದೆ ಅತ್ತೆ ಅಂತ ಇನ್ನೊಂದ್ ಇಸ್ಕಂಡೆ."

ಹೌದು. ಇಸ್ಕೊಂಡಿದ್ದಳು. ಎರಡು ವರ್ಷದಲ್ಲಿ ಅವಳ ನಾಲಿಗೆಗೆ ರುಚಿ ಎನಿಸಿದ ಒಂದೇ ತಿಂಡಿ ಅದು. ಪಕ್ಕದ ಮನೆಯವರು ಕೊಟ್ಟದ್ದು ಎಂದು ಹೇಳಿ ವೆಂಕಟಮ್ಮ ಕೊಟ್ಟಿದ್ದರು. ಆ ಕಜ್ಜಾಯದ ಕೆಳಗೆ ಬೋಟಿ, ಬೋಟಿಯ ಕೆಳಗೆ ಸೀಳಿದ ಎಲೆ, ಎಲೆಯ ಕೆಳಗೆ ಸತ್ತವನ ಬೆರಳಿನ ಜಿಡ್ಡು.

ಚರಂಡಿಯ ಮೇಲೆ ಬಗ್ಗಿ ವಾಂತಿ ಮಾಡಿಕೊಂಡಳು. ಬೆಳಗಿನ ಕಾಫಿ ಬಂತು, ಆಮೇಲೆ ಬರೀ ಹುಳಿನೀರು. ಕನಕಾಂಬರ ಕಟ್ಟುತ್ತಿದ್ದ ಹೆಂಗಸೊಬ್ಬಳು ಎದ್ದು ಬಂದು ಬೆನ್ನು ನೀವಿ, ಹೂವಿಗೆ ಚಿಮುಕಿಸುವ ಚೊಂಬಿನ ನೀರು ಕೊಟ್ಟಳು.

"ಎಷ್ಟನೇ ತಿಂಗಳಮ್ಮ?"

"ಎರಡು ವರ್ಷ" ಎಂದಳು ತೇಜಶ್ರೀ.

ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಳು.

ಅಂಗಡಿಗೆ ಮರಳಿದಾಗ ಮಾರಿಯಾ ಲ್ಯಾಪ್‌ಟಾಪನ್ನು ಹಳೆ ಪೇಪರಿನ ಮೇಲೆ ಹಾಕಿ ಅಂಗಡಿಯ ಮೆಟ್ಟಿಲಿಗೆ ತಂದಿಟ್ಟಿದ್ದಳು.

"ನಾನ್ ಮುಟ್ಟಲ್ಲ ಮಾ. ತಪ್ಪು ತಿಳ್ಕೋಬೇಡಿ. ಇಲಿ ಮೂತ್ರ ನೋಡಿದೀನಿ, ಮಕ್ಕಳು ಹಾಲು ಚೆಲ್ಲಿದ್ದು ನೋಡಿದೀನಿ, ಇಂಥದ್ದು ನೋಡಿಲ್ಲ. ಗ್ಲೌಸ್ ಇದೆ, ಸ್ಪಿರಿಟ್ ಇದೆ, ಬ್ರಷ್ ಇದೆ. ಕ್ಲೀನ್ ಮಾಡ್ಕೊಡಿ, ಆಮೇಲ್ ನಂದು. ಏನಾಗಿತ್ತು, ಹೇಳಿ?"

"ನಮ್ಮತ್ತೆ ನಮ್ಮ ಯಜಮಾನರಿಗೆ ಎಡೆ ಇಟ್ಟಿದ್ರು."

ಮಾರಿಯಾಳ ನಗು ನಿಂತಿತು. ಕೊರಳಿಗೆ ಕೈ ಹೋಯಿತು. "ಕಲ್ಲರೆ ತಿರುನಾಳಲ್ಲಿ, ಸತ್ತೋರ ಹಬ್ಬಕ್ಕೆ, ನಾವೂ ಇಡ್ತೀವಿ" ಎಂದಳು ಸಣ್ಣಗೆ. "ಸಮಾಧಿ ಮೇಲೆ, ಅವ್ರಿಗ್ ಇಷ್ಟ ಆಗಿದ್ದು. ಆದ್ರೂ ಕಲ್ಲಿನ ಮೇಲೆ ಮಾ. ಕಲ್ಲು ತೊಳೀಬೋದು." ಆಮೇಲೆ ಕವರಿನವನ ಕಡೆ ತಿರುಗಿ, "ಏಯ್, ಆ ಕಡೆ ನೋಡೋ" ಎಂದು ಗದರಿದಳು.

ತೇಜಶ್ರೀ ಮೆಟ್ಟಿಲ ಮೇಲೆ ಕೂತು ತೊಳೆದಳು. ಸ್ಪಿರಿಟ್ ತಾಗಿದೊಡನೆ ಎಣ್ಣೆ ಕರಗಿ, ಹಳೆಯ ಮಸಾಲೆ ಮತ್ತೆ ಘಮ್ಮೆಂದಿತು. ಅದು ಎಲ್ಲಕ್ಕಿಂತ ಅಸಹ್ಯ, ಏಕೆಂದರೆ ಅದು ಒಳ್ಳೆಯ ವಾಸನೆ. ಬ್ರಷ್ಷಿನ ತುದಿಗೆ ಅಗುಳುಗಳು ಒಂದೊಂದಾಗಿ ಬಂದವು. ಮೊಟ್ಟೆಚೀಲ ಒಡೆದು ಬೆರಳಿಗೆ ಮೆತ್ತಿಕೊಂಡಿತು. ಹೋಗಿಬರುವವರು ನಿಂತು ನೋಡಿ ಮೂಗು ಮುಚ್ಚಿಕೊಂಡು ಹೋದರು. ವಾಕರಿಕೆ ಬಂದಾಗಲೆಲ್ಲ ಹಲಸೂರಿನ ಕೋಣೆಯನ್ನು ನೆನೆದಳು. ಸುಣ್ಣ ಬಳಿದ ನಾಲ್ಕು ಗೋಡೆ, ಒಂದು ಕಿಟಕಿ, ಬೇರೆ ಯಾರೂ ಇಲ್ಲ.

ತೊಳೆದು ಒಣಗಿಸಿದ ಮೇಲೆ ಮಾರಿಯಾ ಪಟ್ಟಿಯನ್ನು ಓರೆಯಾಗಿ ಸ್ಲಾಟಿಗೆ ತೂರಿಸಿ, ಕೆಳಗೆ ಒತ್ತಿ, ಸ್ಕ್ರೂ ಬಿಗಿದಳು. ಕೂದಲೆಳೆಯ ಸಂದಿಲ್ಲದೆ ಕೂತಿತು. ಚಾಲೂ ಮಾಡಿದಳು. ಪರದೆ ಬೆಳಗಿತು. ಸುಗತನ ಡಿಸ್ಕಿನ ಹೆಸರು ಬಂತು. ಇದರ ಹೆಸರು ಬರಲಿಲ್ಲ. ತೆಗೆದು ಮತ್ತೆ ಕೂರಿಸಿದಳು. ಬರಲಿಲ್ಲ. ಸ್ಲಾಟಿನೊಳಗೆ ದೀಪ ಬಿಟ್ಟು ನೋಡಿದಳು.

"ಉಪ್ಪು ತಿಂದ್ಬಿಟ್ಟಿದೆ ಮಾ. ಪಿನ್ನೆಲ್ಲ ಹಸ್ರಾಗಿದೆ. ಕೂರೋದೇನೋ ಕೂತ್ಕೊಳ್ತು, ಮಾತಾಡಲ್ಲ."

ಗಂಟೆ ಮೂರು ದಾಟಿತ್ತು. ಕಂಪನಿಯಿಂದ ಮೆಸೇಜು ಬಂದಿತ್ತು: ಪರೀಕ್ಷೆ ಆಯಿತೇ? ತೇಜಶ್ರೀ ಫೋನನ್ನು ಮಗುಚಿ ಇಟ್ಟಳು.

ಇ‌ನ್ನೊಂದು ದಾರಿ ಇದೆಯೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಓದುವಾಗಲೇ ನೋಡಿ ಪಕ್ಕಕ್ಕಿಟ್ಟಿದ್ದಳು.

"ಇದು ಹಳೆ ಜಾತಿ ಡ್ರೈವ್. ಇದನ್ನ ಒಂದು ಡಬ್ಬಿಗೆ ಹಾಕಿದ್ರೆ ಹಾರ್ಡ್ ಡಿಸ್ಕ್ ಗೂಡಿಗೆ ಕೂರುತ್ತೆ, ಅಲ್ವಾ?"

"ಕೂರುತ್ತೆ. ಡಬ್ಬಿ ಇದೆ ನನ್ನತ್ರ." ಮಾರಿಯಾ ಅವಳನ್ನು ನೋಡಿದಳು. "ಆದ್ರೆ ಅವ್ರದ್ದು ಆಚೆ ಬರ್ಬೇಕು."

"ಬರಲಿ."

"ಒಳಗಿರೋದು ಕಾಪಿ ಮಾಡ್ಕೊಡ್ಲಾ? ಫೋಟೋ ಎಲ್ಲ ಇರುತ್ತೆ."

"ಬೇಡ. ತೆಗೀರಿ."

ಡಿಸ್ಕು ಹೊರಬಂತು. ಅಂಗೈಯಗಲ, ಭಾರ. ಅದರ ಬೆನ್ನ ಮೇಲೂ ಎಣ್ಣೆಯ ಪದರ, ಅದರಲ್ಲೊಂದು ಇರುವೆ ಹೂತುಹೋಗಿತ್ತು. ಮಾರಿಯಾ ಅದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಳು. ತೇಜಶ್ರೀ ತೊಡೆಯ ಮೇಲಿಟ್ಟುಕೊಂಡು ಏನಾದರೂ ಆಗುತ್ತದೆಯೇ ಎಂದು ಕಾದಳು. ತೊಡೆ ತಣ್ಣಗಾಯಿತು, ಅಷ್ಟೇ.

ಡಬ್ಬಿಗೆ ಸೇರಿದ ಪಟ್ಟಿ ಗೂಡಿನಲ್ಲಿ ಕೂತಿತು. ಈ ಸಲ ಪರದೆಯ ಮೇಲೆ ಹೆಸರು ಬಂತು. ವಿಂಡೋಸ್ ಹತ್ತುವಾಗ ಮಾರಿಯಾ ಟೀ ತರಿಸಿದಳು. ತೇಜಶ್ರೀ ಲೋಟದ ಅಂಚು ನೋಡಿ ಕೆಳಗಿಟ್ಟಳು. ಮಾರಿಯಾಳ ವೈಫೈ ಹಿಡಿದು ಪರೀಕ್ಷೆಯ ಪ್ರೋಗ್ರಾಮು ಓಡಿತು. ಪಾಸು. ಕಳಿಸಿದಳು. ಟೀ ಆರುವುದರೊಳಗೆ ಉತ್ತರ ಬಂತು, ಸೋಮವಾರದಿಂದ ಶುರು ಮಾಡಿ ಎಂದು. ಅಲ್ಲಿಂದಲೇ ಪಿಳ್ಳಮ್ಮನಿಗೆ ಫೋನು ಮಾಡಿ ಕೋಣೆ ಗೊತ್ತುಮಾಡಿಕೊಂಡಳು.

"ಖುಷಿನಾ ಮಾ?" ಎಂದಳು ಮಾರಿಯಾ.

"ಕೈ ತೊಳೀಬೇಕು" ಎಂದಳು ತೇಜಶ್ರೀ.

ಮನೆಗೆ ಬಂದಾಗ ಸಂಜೀವಪ್ಪ ಹಾಲಿನಲ್ಲಿ ಅದೇ ಕುರ್ಚಿಯಲ್ಲಿದ್ದರು. ಅಡುಗೆಮನೆಯ ಬಾಗಿಲ ಸಂದಿನಿಂದ ವೆಂಕಟಮ್ಮ ತುಟಿಯ ಮೇಲೆ ಬೆರಳಿಟ್ಟು, ಬೇಡ ಬೇಡ ಎಂದು ತಲೆಯಾಡಿಸಿದರು.

"ಕೂತ್ಕೊಂತಾ?" ಎಂದರು ಸಂಜೀವಪ್ಪ.

"ಕೂತ್ಕೊಳ್ತು ಮಾವ. ಕೆಲಸ ಆಯ್ತು."

"ಒಳ್ಳೇದಾಯ್ತು." ಪೇಪರು ಮಡಚಿದರು. "ಬೋಟಿ ಎಲ್ಲ ನೀಟಾಗಿ ತೆಗುದ್ರಾ?"

ಅಡುಗೆಮನೆಯಲ್ಲಿ ಮುಚ್ಚಳವೊಂದು ಬಿದ್ದು ಉರುಳಿ ಉರುಳಿ ನಿಂತಿತು.

"ನಿಮಗೆ ಗೊತ್ತಿತ್ತಾ?"

"ಈ ಮನೇಲಿ ಬೋಟಿ ಬೆಂದ್ರೆ ರೈಲ್ವೆ ಗೇಟ್‌ವರೆಗೂ ಗೊತ್ತಾಗುತ್ತೆ. ಒಳಗಿರೋ ನಂಗ್ ಗೊತ್ತಾಗಲ್ವೇನಮ್ಮ?"

"ಬೆಳಿಗ್ಗೆ ಯಾಕೆ ಹೇಳಲಿಲ್ಲ? ನನ್ನ ಕೆಲಸಾನೇ ಹೋಗ್ತಿತ್ತು."

ಸಂಜೀವಪ್ಪ ಗೋಡೆಯ ಪಟಗಳತ್ತ ಕತ್ತೆತ್ತಿದರು. "ನೋಡ್ದೆ ಅಂದ್ರೆ ಬೇಡ ಅನ್ಬೇಕಾಗ್ತಿತ್ತು. ಹತ್ತು ಜನರ ಮುಂದೆ ಪ್ರತಿಜ್ಞೆ ಮಾಡಿದೋನು ನಾನು. ನೋಡ್ಲಿಲ್ಲ ಅಂದ್ರೆ, ಅವಳ ಪಾಡಿಗ್ ಅವಳು ಇಡ್ತಾಳೆ."

"ನೀವೂ ತಿಂದ್ರಾ?"

"ಬೋಟಿಗೇನ್ ಪ್ರತಿಜ್ಞೆ ಇಲ್ವಲ್ಲ."

ವೆಂಕಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದರು. "ಎರಡ್ ವರ್ಷ! ಎರಡ್ ವರ್ಷ ಚಿಲ್ಕ ಹಾಕ್ಕಂಡು, ಬಾಯಿಗ್ ಬಟ್ಟೆ ತುರುಕ್ಕಂಡು ಅತ್ತಿದೀನಿ! ಗೊತ್ತಿದ್ದೂ ಚಪ್ಪರಿಸ್ಕಂಡ್ ತಿಂದ್ರಾ? ಉಪ್ಪು ಕಮ್ಮಿ ಅಂತ ಬೇರೆ ಅಂದ್ರಿ ಹೋದ್ ಸಲ!"

"ಕಮ್ಮಿ ಇತ್ತು."

ಕಮ್ಮಿ ಇರಲಿಲ್ಲ ಎಂದು ತೇಜಶ್ರೀಗೆ ಗೊತ್ತಿತ್ತು. ಸ್ಲಾಟಿನ ಪಿನ್ನುಗಳನ್ನು ಅವಳು ನೋಡಿದ್ದಳು. ಇವರಿಬ್ಬರೂ ಮುಚ್ಚಿದ ಬಾಗಿಲಿನ ಎರಡು ಕಡೆ ನಿಂತು ಒಂದೇ ಎಲೆಯಿಂದ ಉಂಡಿದ್ದರು, ಅವಳಿಗೂ ಉಣಿಸಿದ್ದರು. ಚೀಲದಿಂದ ಪೇಪರಿನ ಪೊಟ್ಟಣ ತೆಗೆದು ಟೀಪಾಯಿಯ ಮೇಲೆ, ಹಲ್ಲಿನ ಲೋಟದ ಪಕ್ಕದಲ್ಲಿ ಇಟ್ಟಳು.

"ಇದು ಅವರದು. ಲ್ಯಾಪ್‌ಟಾಪ್ ಇನ್ನು ನನ್ನದು. ಅದನ್ನ ಯಾರೂ ಮುಟ್ಟಬೇಡಿ."

ವೆಂಕಟಮ್ಮ ಪೊಟ್ಟಣ ಬಿಡಿಸಿದರು. ಡಿಸ್ಕನ್ನು ಸೆರಗಿನಿಂದ ಒರೆಸಿದರು, ಇರುವೆಯನ್ನು ಉಗುರಿನಲ್ಲಿ ಕೆರೆದು ತೆಗೆದರು. "ಇದ್ರೊಳಗೆ ಏನದೆ?"

"ಫೋಟೋ. ಆಫೀಸಿನ ಕೆಲಸ. ಅವರು ಬರೆದಿದ್ದು."

"ಎಲ್ಲಾನೂವಾ?"

"ಎಲ್ಲಾನೂ."

ವೆಂಕಟಮ್ಮ ಅದನ್ನು ಅಂಗೈಯಲ್ಲಿ ತೂಗಿದರು. ಆಮೇಲೆ ಗಂಡನ ಕಡೆ ತಿರುಗಿ, ಎಡೆಯ ಲೆಕ್ಕವನ್ನು ಮೊದಲ ಸಲ ಮುಚ್ಚುಮರೆಯಿಲ್ಲದೆ ಕೇಳಿದರು. "ಇಷ್ಟುಕ್ಕೆ ಕುಡಿ ಎಲೆ ಸಾಕಲ್ವಾ?"

ಸಂಜೀವಪ್ಪ ಬಾಗಿ ನೋಡಿದರು. "ದೊಡ್ಡದೇ ಹಾಸು. ಸಾರು ಸೋರುತ್ತೆ."

"ನೀವ್ ನೋಡಲ್ಲ ತಾನೆ?"

"ನಾನ್ಯಾಕ್ ನೋಡ್ಲಿ?"

"ಒಂದನೇ ತಾರೀಖು ನಾನು ಹಲಸೂರಿಗೆ ಹೋಗ್ತಿದೀನಿ" ಎಂದಳು ತೇಜಶ್ರೀ. "ರೂಮ್ ಮಾಡ್ಕೊಂಡಿದೀನಿ."

ಅವರಿಬ್ಬರೂ ಡಿಸ್ಕನ್ನು ಎಲ್ಲಿಡಬೇಕೆಂದು ಮಾತಾಡುತ್ತಿದ್ದರು. ಬೀರುವಿನಲ್ಲಿಟ್ಟರೆ ನುಸಿಗುಳಿಗೆಯ ವಾಸನೆ ಹತ್ತುತ್ತದೆ, ಅಡುಗೆಮನೆಯಲ್ಲಿಟ್ಟರೆ ಜಿಡ್ಡು. ಅವಳು ಇನ್ನೊಂದು ಸಲ ಹೇಳಬೇಕಾಯಿತು, ಜೋರಾಗಿ. ಹೇಳುವಾಗ ಅವರು ಅಳುತ್ತಾರೆ, ಕೈ ಹಿಡಿಯುತ್ತಾರೆ, ಆ ಒದ್ದೆ ಕೈಗಳನ್ನು ಹೇಗೆ ಬಿಡಿಸಿಕೊಳ್ಳುವುದು ಎಂದು ಮೈ ಬಿಗಿಮಾಡಿಕೊಂಡಿದ್ದಳು.

ವೆಂಕಟಮ್ಮ ತಲೆ ಎತ್ತಿದರು. ಸೊಸೆಯ ಮುಖವನ್ನೂ ಅವಳ ಹೆಗಲಿನ ಚೀಲವನ್ನೂ ನೋಡಿದರು. ಡಿಸ್ಕು ಹಿಡಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಹೋಗವ್ವ, ಯಾರ್ ಬ್ಯಾಡ ಅಂದ್ರು" ಎಂದರು. "ಇದನ್ನ ಮಾತ್ರ ಬಿಟ್ಟೋಗು."